ಹೌದಾದರೆ ಹೌದು ಅಂದ ಮಾಷ್ಟ್ರು

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಕಳೆದ ವರ್ಷವೇ ಕೇಳಿದ್ದರು. ಇವತ್ತು ನಾಳೆ ಅಂತ ತಳ್ಳುತ್ತಾ ಬಂದೆ. ಈ ಸಲ ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಕನ್ನಡ ಮಾಷ್ಟ್ರು ತೀರಿಹೋದರು. ಇನ್ನು ತಳ್ಳುವುದು ಸರಿಯಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1979ರಲ್ಲಿ. ಅವರು ಕಲಿಸಿದ ಪದ್ಯಗಳಲ್ಲಿ ಈಗ ಒಂದೂ ಪೂರ್ತಿ ಬಾಯಿಗೆ ಬರುವುದಿಲ್ಲ. ಆದರೆ ಅವರ ಅಂಗಿಯ ಜೇಬು ಚೆನ್ನಾಗಿ ನೆನಪಿದೆ. ದಿನಾ ಸಂಜೆ ಗೇಟಿನ ಹತ್ತಿರ ನಿಂತು ಆ ಜೇಬನ್ನು ಒಳಗಿಂದ ಹೊರಗೆ ತಿರುಗಿಸಿ ಕೊಡವುತ್ತಿದ್ದರು. ಉಳಿದ ಚಾಕ್‌ಪೀಸ್ ತುಂಡನ್ನು ಕಂಬದ ಗೂಡಿನಲ್ಲಿ ಇಟ್ಟು ಮನೆಗೆ ನಡೆಯುತ್ತಿದ್ದರು. ಬೆಳಿಗ್ಗೆ ಬಂದವರೇ ಅದನ್ನು ತೆಗೆದುಕೊಂಡು ಕ್ಲಾಸಿಗೆ. ಶಾಲೆಯ ಚಾಕ್ ಶಾಲೆಯಲ್ಲೇ ಇರಬೇಕು, ಅಷ್ಟೇ. ನಾವು ಆ ತುಂಡುಗಳನ್ನು ಹಾರಿಸಿ ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದೆವು. ಅವರಿಗೆ ಗೊತ್ತಿತ್ತು. ಶಾಲೆಯ ಒಳಗೇ ಖರ್ಚಾಗುತ್ತದಲ್ಲ ಅಂತ ಸುಮ್ಮನಿದ್ದರು ಅಂತ ಕಾಣುತ್ತದೆ.

ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಪ್ರೊಟೆಸ್ಟೆಂಟ್ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಶನ್ ಕಾಲದ ಶಾಲೆ. ಮಿಶನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಕ್ರೈಸ್ತರಾದವರನ್ನು ಮನೆಯವರು ಹೊರಗೆ ಹಾಕಿದಾಗ ಹೊಟ್ಟೆಪಾಡಿಗೆ ಅಂತ ನೇಯ್ಗೆ, ಹಂಚಿನ ಕಾರ್ಖಾನೆ ಶುರುಮಾಡಿದರು. 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಹಂಚಿನ ಕಾರ್ಖಾನೆಯಲ್ಲಿ ಮಾಷ್ಟ್ರ ಅಜ್ಜನ ಅಪ್ಪ ಕೆಲಸಕ್ಕಿದ್ದರಂತೆ. ಕೆಲಸದ ಜೊತೆಗೆ ಕಟ್ಟುಪಾಡೂ ಬಂತು. ಕುಡಿಯಬಾರದು, ಭೂತದ ಕೋಲಕ್ಕೆ ಹೋಗಬಾರದು, ಯಕ್ಷಗಾನದ ಆಟಕ್ಕೆ ಹೋಗಬಾರದು. ಜರ್ಮನ್ ಪಾದ್ರಿಗಳು ಮೊದಲನೇ ಮಹಾಯುದ್ಧದಲ್ಲಿ ದೇಶ ಬಿಡಬೇಕಾಯಿತು, 1947ರಲ್ಲಿ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಹುಟ್ಟಿತು. ಆದರೂ ಆಟದ ಮೇಲಿನ ಸಿಟ್ಟು ನಮ್ಮ ಚರ್ಚ್ ಸಭೆಯ ಕೆಲವು ಹಿರಿಯರಲ್ಲಿ ನನ್ನ ಕಾಲದವರೆಗೂ ಹಾಗೇ ಉಳಿದಿತ್ತು.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಹಿಂದಿನ ಗದ್ದೆಯಲ್ಲಿ ಒಂದು ಟೆಂಟ್ ಮೇಳ ಬಂತು. ಪ್ರಸಂಗ ಕರ್ಣಪರ್ವ. ಬೋರ್ಡಿಂಗಿನಲ್ಲಿ ಗಂಜಿ ಚಟ್ನಿ ಉಂಡು ಮಲಗಿದ್ದೇವೆ, ಕಿಟಕಿಯಿಂದ ಚೆಂಡೆ ಕೇಳುತ್ತಿದೆ. ಹೇಗೆ ನಿದ್ದೆ ಬರಬೇಕು? ದಿಂಬಿಗೆ ಕಂಬಳಿ ಹೊದಿಸಿ ಕಂಪೌಂಡ್ ಹಾರಿದೆವು. ಉಪಾಯ ನನ್ನದೇ, ಗೋಡೆ ಎಲ್ಲಿ ತಗ್ಗಾಗಿದೆ ಅಂತ ಹುಡುಕಿಟ್ಟವನೂ ನಾನೇ. ಚರುಂಬುರಿ ಪೊಟ್ಟಣ ಹಿಡಿದು ನೆಲದ ಟಿಕೆಟಿನಲ್ಲಿ ಕೂತು ಕರ್ಣ ಬೀಳುವವರೆಗೂ ನೋಡಿದೆವು. ಅಂಥ ಕರ್ಣನನ್ನು ಆಮೇಲೆ ನಾನು ಕಂಡಿಲ್ಲ.

ಬೆಳಿಗ್ಗೆ ಒಬ್ಬನ ಚಡ್ಡಿ ಜೇಬಿನಲ್ಲಿ ಟಿಕೆಟ್ ಸಿಕ್ಕಿತು. ಹೆಡ್‌ಮಾಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ನಾವು ಒಬ್ಬರೂ ಬಾಯಿ ಬಿಡಲಿಲ್ಲ. ಟಿಕೆಟ್ ದಾರಿಯಲ್ಲಿ ಸಿಕ್ಕಿದ್ದು ಅಂತ ಅವನೂ ಸಾಧಿಸಿದ. ಕನ್ನಡ ಮಾಷ್ಟ್ರ ಮನೆ ಗದ್ದೆಯ ಬದಿಯಲ್ಲೇ ಇತ್ತು. "ರಾತ್ರಿ ಇವರು ಆ ಕಡೆ ಬಂದದ್ದೇನಾದರೂ ಕಂಡಿರಾ?" ಅಂತ ಹೆಡ್‌ಮಾಷ್ಟ್ರು ಸುಮ್ನೆ ಒಂದು ಮಾತು ಕೇಳಿದರು.

"ಕಂಡೆ. ನನ್ನ ಹಿಂದೆಯೇ ಕೂತಿದ್ದರು."

ಮಾಷ್ಟ್ರು ಎಲ್ಲಿದ್ದರು ಅಂತ ಯಾರೂ ಕೇಳಿರಲಿಲ್ಲ. ಹೆಡ್‌ಮಾಷ್ಟ್ರ ಕೈಯಲ್ಲಿದ್ದ ಬೆತ್ತ ಅರ್ಧಕ್ಕೇ ನಿಂತಿತು.

ನಮಗೆ ಬೆತ್ತದ ಏಟು, ಶನಿವಾರ ತೋಟದ ಹುಲ್ಲು ಕೀಳುವ ಕೆಲಸ. ಅವರ ವಿಷಯ ಸಭೆಯ ಹಿರಿಯರ ಮುಂದೆ ಹೋಯಿತು. ಆ ಮೀಟಿಂಗಿನಲ್ಲಿ ನನ್ನ ದೊಡ್ಡಪ್ಪ ಇದ್ದರು, ಮನೆಗೆ ಬಂದು ಎಲ್ಲ ಹೇಳಿದರು. ಮಾಷ್ಟ್ರು ಎದ್ದು ನಿಂತು, ಹೋದದ್ದು ಹೌದು, ಇನ್ನೊಮ್ಮೆ ಮೇಳ ಬಂದರೆ ಹೋಗುತ್ತೇನೆ, ಕೇಳಿದರೆ ಹೇಳುತ್ತೇನೆ ಅಂದರಂತೆ. ದಾಸರ ಪದಗಳನ್ನು ಒಟ್ಟುಮಾಡಿ ಅಚ್ಚು ಹಾಕಿಸಿದವರು ನಮ್ಮ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಪಾದ್ರಿಗಳೇ ಅಲ್ವಾ, ಅವರನ್ನೂ ಕರೆಸಿ ವಿಚಾರಿಸುತ್ತೀರಾ ಅಂತಲೂ ಕೇಳಿದರಂತೆ. ಮೋಗ್ಲಿಂಗರು ತೀರಿಹೋಗಿ ಆಗಲೇ ತೊಂಬತ್ತು ವರ್ಷ ದಾಟಿತ್ತು. ಹಿರಿಯರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಕೊನೆಗೆ ಸ್ವಲ್ಪ ಕಾಲ ಚರ್ಚಿನ ಆರಾಧನೆಯಲ್ಲಿ ಬೈಬಲಿನ ಪಾಠ ಓದುವುದು ಬೇಡ ಅಂದರು. ಮಾಷ್ಟ್ರು ಹಿಂದಿನ ಬೆಂಚಿಗೆ ಹೋಗಿ ಕೂತು ಮೊದಲಿಗಿಂತ ಜೋರಾಗಿ ಹಾಡಿದರು.

ಅವತ್ತು "ಇಲ್ಲ" ಅಂದಿದ್ದರೆ ಏನು ಗಂಟು ಹೋಗ್ತಿತ್ತು ಅಂತ ನನ್ನ ಗೆಳೆಯನೊಬ್ಬ ಈಗಲೂ ಕೇಳುತ್ತಾನೆ. ಏಟು ತಿಂದ ಕೈ ಅವನದೂ ಹೌದು. ಆದರೆ ನಾನು ಮಾಷ್ಟ್ರ ಕಡೆ. ಕ್ರೈಸ್ತನಾಗಿ ಬಾಳುವುದು ಅಂದರೆ ಎಲ್ಲಿಗೆ ಹೋಗಬಾರದು, ಏನು ಮುಟ್ಟಬಾರದು ಅನ್ನುವ ಪಟ್ಟಿ ಅಂತ ನಮ್ಮ ಮನೆಗಳಲ್ಲಿ ಕಲಿಸಿದ್ದರು. ಭಾನುವಾರ ಆ ಪಟ್ಟಿ ಹಿಡಿದವರೇ ಸೋಮವಾರ ಅಂಗಡಿಯಲ್ಲಿ ಎರಡು ಲೆಕ್ಕದ ಪುಸ್ತಕ ಇಡುವುದನ್ನೂ ಕಂಡಿದ್ದೆವು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಿ ಅಂತ ಯೇಸು ಬೆಟ್ಟದ ಮೇಲೆ ಕೂತು ಮಾಡಿದ ಪರ್ವತ ಪ್ರಸಂಗದಲ್ಲಿ ಹೇಳಿದ ಮಾತನ್ನು ಇಷ್ಟು ನೇರವಾಗಿ ತೆಗೆದುಕೊಂಡವರನ್ನು ನಾನು ಕಂಡದ್ದು ಅವತ್ತೇ ಮೊದಲು.

ವಾರಕ್ಕೊಮ್ಮೆ ಕ್ರೈಸ್ತ ಮಕ್ಕಳಿಗೆ ಸತ್ಯವೇದದ, ಅಂದರೆ ಬೈಬಲಿನ, ಪೀರಿಯಡ್, ಉಳಿದವರಿಗೆ ನೀತಿ ಪಾಠ. ಎರಡನ್ನೂ ತೆಗೆದುಕೊಳ್ಳುತ್ತಿದ್ದವರು ಅವರೇ, ಎರಡರಲ್ಲೂ ಕೇಳುತ್ತಿದ್ದ ಪ್ರಶ್ನೆಯೂ ಒಂದೇ. ಅಂಗಡಿಯವನು ಮರೆತು ಒಂದು ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ಟ. ಹೋದ ವಾರ ತೂಕದಲ್ಲಿ ಮೋಸ ಮಾಡಿದವನೂ ಅವನೇ. ವಾಪಸು ಕೊಡ್ತೀಯಾ? ನಮ್ಮ ಕ್ಲಾಸು ಎರಡು ಪಾಲಾಯಿತು. ಆ ಕಡೆಯ ಕ್ಲಾಸೂ ಹಾಗೇ ಆಯಿತಂತೆ. ಅಲ್ಲಿ ಒಬ್ಬ ಬ್ಯಾರಿ ಮುಸ್ಲಿಂ ಹುಡುಗ, "ರೂಪಾಯಿ ಕೊಡ್ತೇನೆ, ಕೊಟ್ಟು ತಕ್ಕಡಿ ತೋರಿಸು ಅಂತೇನೆ" ಅಂದನಂತೆ. ಮಾಷ್ಟ್ರು ಆ ಉತ್ತರವನ್ನು ನಮ್ಮ ಸತ್ಯವೇದದ ಕ್ಲಾಸಿಗೆ ತಂದು, ಅವನ ಹೆಸರು ಹೇಳಿಯೇ ಓದಿದರು. ಅದು ನಮ್ಮ ಕೆಲವರಿಗೆ ಸ್ವಲ್ಪ ಉರಿಯಿತು.

ಶಾಲೆಯ ಕಮಿಟಿಯಲ್ಲಿದ್ದ ಒಬ್ಬರ ಮಗನಿಗೆ ಕನ್ನಡದಲ್ಲಿ 34 ಬಂದಿತ್ತು. ಆಗ ಪಾಸಾಗಲು 35 ಬೇಕಿತ್ತು. ಹೇಳಿ ಕಳಿಸಿದರು, ಮನೆಗೂ ಬಂದರು. ಆ ಒಂದು ಮಾರ್ಕು ಸಿಗಲಿಲ್ಲ. ಏಪ್ರಿಲ್ ಮೇ ಪೂರ್ತಿ ಆ ಹುಡುಗನನ್ನು ಜಗಲಿಯಲ್ಲಿ ಕೂರಿಸಿಕೊಂಡು ಒಂದು ಪೈಸೆ ತೆಗೆದುಕೊಳ್ಳದೆ ಕಲಿಸಿದರು. ಆ ವರ್ಷ ಅವರಿಗೆ ಬರಬೇಕಾಗಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಯಾಕೆ ಅಂತ ಯಾರೂ ಬರೆದಿಟ್ಟಿಲ್ಲ.

ನಾನು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಷ್ಟು ಕಾಲ ಸಾಲದ ಫೈಲು ಮುಂದಿಟ್ಟು, ಒಂದು ಸಹಿ ಹಾಕಿ ಸಾರ್ ಅಂದವರಿಗೆ ಲೆಕ್ಕವಿಲ್ಲ. ಹಾಕಬಾರದ ಕಡೆ ನಾನು ಹಾಕಲಿಲ್ಲ. ಅದಕ್ಕೆ ಮೂರು ಸಲ ದೂರದ ಬ್ರಾಂಚಿಗೆ ಎತ್ತಿಹಾಕಿದರು. ನನ್ನನ್ನು ನಾನೇ ಹೊಗಳಿಕೊಂಡ ಹಾಗಾಯಿತು, ಆಗಲಿ.

ಈಗ ನನ್ನ ಮೊಮ್ಮಗಳ ಶಾಲೆಯಲ್ಲಿ ಮೌಲ್ಯ ಶಿಕ್ಷಣಕ್ಕೆ ಬಣ್ಣಬಣ್ಣದ ಪುಸ್ತಕವಿದೆ. ಡಿಸೆಂಬರ್ ಬಂದರೆ ಆ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. "ಪ್ರಾಮಾಣಿಕತೆ" ಅಂತ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಅವಳ ಅಮ್ಮ ಜೆರಾಕ್ಸ್ ಅಂಗಡಿಯಿಂದ ರೆಡಿಮೇಡ್ ಚಾರ್ಟ್ ತಂದು ಅಂಟಿಸಿದಳು. ಹತ್ತಕ್ಕೆ ಹತ್ತು ಬಂತು! ಟೀಚರುಗಳನ್ನು ಬೈಯುತ್ತಿಲ್ಲ. ಅವರಿಗೆ ಮಕ್ಕಳ ಮುಖ ನೋಡಲು ಪುರುಸೊತ್ತು ಎಲ್ಲಿದೆ?

ಮಾಷ್ಟ್ರ ಶವಸಂಸ್ಕಾರಕ್ಕೆ ನಮ್ಮ ಬ್ಯಾಚಿನವರು ತುಂಬಾ ಜನ ಬಂದಿದ್ದರು. ರಾಜಕೀಯದ ಜಗಳದಲ್ಲಿ ವಾಟ್ಸಾಪ್ ಗ್ರೂಪ್ ಬಿಟ್ಟು ಹೋದ ಇಬ್ಬರೂ ಇದ್ದರು, ಬೇರೆ ಬೇರೆ ಮೂಲೆಯಲ್ಲಿ. ಆ ಬ್ಯಾರಿ ಹುಡುಗ ಕುಂದಾಪುರದಿಂದ ಬಂದಿದ್ದ. ಈಗ ದೊಡ್ಡ ಕಿರಾಣಿ ವ್ಯಾಪಾರಿ. ತಕ್ಕಡಿ ಹೇಗಿದೆ ಅಂತ ಕೇಳಿದೆ. ಎಲೆಕ್ಟ್ರಾನಿಕ್ ಅಂದ.

ಅಲ್ಲೇ ಅವರ ಹೆಸರಿನಲ್ಲಿ ಒಂದು ಬಹುಮಾನ ಇಡುವ ಮಾತಾಯಿತು, ದುಡ್ಡೂ ಕೂಡಿತು. ಕನ್ನಡದಲ್ಲಿ ಅತಿ ಹೆಚ್ಚು ಮಾರ್ಕು ತೆಗೆದವರಿಗೆ ಕೊಡೋಣ ಅಂತ ಹೆಚ್ಚಿನವರ ಅಭಿಪ್ರಾಯ. ನನ್ನದು ಬೇರೆ. ಒಮ್ಮೆ ಫೇಲಾಗಿ, ಮತ್ತೆ ಕೂತು ಓದಿ ಪಾಸಾದ ಮಗುವಿಗೆ ಕೊಡಬೇಕು. 34ರ ಆ ಹುಡುಗ, ಈಗ ಅವನೂ ಅಜ್ಜ, ನನ್ನ ಕಡೆ ಕೈ ಎತ್ತಿದ. ಉಳಿದವರು ಒಪ್ಪಲಿಲ್ಲ. ಹಳೆ ವಿದ್ಯಾರ್ಥಿಗಳ ಮುಂದಿನ ಮೀಟಿಂಗಿನಲ್ಲಿ ಮತ್ತೆ ಎತ್ತುತ್ತೇನೆ. ಈ ಸಂಚಿಕೆ ಓದಿದವರು ದಯವಿಟ್ಟು ಬನ್ನಿ, ನನಗೆ ಓಟು ಬೇಕು.