ಸೊಗಡಿನ ಬೆನ್ನು ಹತ್ತಿ

ಧಾರವಾಡದ ಕಡೆಯವನಾದ ನನಗೆ ಚಳಿಗಾಲ ಎಂದರೆ ಹೊಲದಲ್ಲೇ ಸುಟ್ಟು ತಿನ್ನುವ ಎಳೆ ಜೋಳದ ಸೀತನಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಬೆಂಗಳೂರಿಗೂ ತನ್ನದೇ ಚಳಿಗಾಲದ ಊಟವಿದೆ ಎಂದು ಮಾಗಡಿ ಮೂಲದ ನನ್ನ ಭಾವ ವಾದಿಸುತ್ತಲೇ ಇದ್ದರು. ಜನವರಿಯಲ್ಲೂ ಬೆಳಗಿನ ಉಷ್ಣಾಂಶ 15 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವ ಊರು ಅದು. 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದದ್ದೇ ದಾಖಲೆ. ಅಷ್ಟು ಚಳಿಗೆ ಬೇರೆ ಊಟವೇ ಬೇಕೇ ಎಂಬ ಅನುಮಾನ ಹೊತ್ತೇ ಧನುರ್ಮಾಸದಲ್ಲಿ ರಾತ್ರಿ ರೈಲು ಹತ್ತಿದೆ.

ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಎರಡನೆಯ ನಿಲ್ದಾಣ ಕೃಷ್ಣರಾಜೇಂದ್ರ ಮಾರುಕಟ್ಟೆ. ಭಾವ ಚೀಲ ಹಿಡಿದು ಅಲ್ಲೇ ಕಾಯುತ್ತಿದ್ದರು. ರಸ್ತೆ ಬದಿಯಲ್ಲಿ ಗೋಣಿ ಹಾಸಿ ಸುರಿದ ಅವರೆಕಾಯಿಯ ರಾಶಿಗಳು. ಅವರು ಒಂದು ಕಾಯಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ, ತಲೆಯಾಡಿಸಿ, ಮುಂದಿನ ರಾಶಿಗೆ ನಡೆದರು. ಮೂರನೆಯ ಕಡೆ ಕಾಯಿಯನ್ನು ನನ್ನ ಮೂಗಿಗೂ ಹಿಡಿದರು. ಸಿಪ್ಪೆಯ ಮೇಲಿನ ಎಣ್ಣೆಯಂಥ ಅಂಟಿನಿಂದ ಹೊಮ್ಮುವ ಹಸಿ ಘಾಟು ಅದು. ಬೆರಳಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಎಂದು ಮಾರುವ ಹೆಂಗಸು ವಿವರಿಸಿದರು.

ನಾಟಿ ಅವರೆ ಹಗಲು ಮೊಟಕಾದಾಗ ಮಾತ್ರ ಹೂ ಬಿಡುವ ಗಿಡ. ಹಾಗಾಗಿಯೇ ಅದರ ಸುಗ್ಗಿ ಚಳಿಗಾಲಕ್ಕೆ ಬೀಳುತ್ತದೆ. ಹಗಲಿನ ಉದ್ದಕ್ಕೆ ಸೊಪ್ಪು ಹಾಕದ ‘ಹೆಬ್ಬಾಳ ಅವರೆ’ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ್ದರಿಂದ ಈಗ ಬೇಸಿಗೆಯಲ್ಲೂ ಕಾಯಿ ಸಿಗುತ್ತದೆ. ರೈತರಿಗೆ ಅದು ದೊಡ್ಡ ಅನುಕೂಲ. ಭಾವನಿಗೆ ಮಾತ್ರ ಸಮಾಧಾನವಿಲ್ಲ. “ಹೊಟ್ಟೆ ತುಂಬುತ್ತದಪ್ಪ, ಮೂಗು ತುಂಬುವುದಿಲ್ಲ” ಎಂದರು.

ಬಸವನಗುಡಿಗೆ ಬರುವಷ್ಟರಲ್ಲಿ ದೇವಸ್ಥಾನವೊಂದರಲ್ಲಿ ಧನುರ್ಮಾಸದ ಪೂಜೆ ಮುಗಿದು ಹುಗ್ಗಿ ಹಂಚುತ್ತಿದ್ದರು. ಹೆಸರುಬೇಳೆ, ಮೆಣಸು, ಶುಂಠಿ, ಮೇಲೆ ತುಪ್ಪ. ದೊನ್ನೆಯ ಬಿಸಿ ಕೈಗೆ ತಾಗಿದಾಗ ಬೆಂಗಳೂರಿನ ಚಳಿಯ ಬಗ್ಗೆ ನನ್ನ ತಕರಾರು ಅರ್ಧ ಕರಗಿತು. ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ ಮುಗಿದು ವಾರಗಳೇ ಕಳೆದಿದ್ದರೂ ದೊಡ್ಡ ಬಸವನ ಗುಡಿಯ ರಸ್ತೆಯಲ್ಲಿ ಹುರಿದ ಕಡಲೆಕಾಯಿಯ ಗಾಡಿಗಳು ಇನ್ನೂ ಇದ್ದವು.

ಸಂಜೆ ಅವರೆಬೇಳೆ ಮೇಳ. ಹಿಂದೆ ಇದು ಸಜ್ಜನ್ ರಾವ್ ವೃತ್ತದ ಬಳಿಯ ತಿಂಡಿ ಬೀದಿಯಲ್ಲಿ ನಡೆಯುತ್ತಿತ್ತು. ಈಗ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ದೋಸೆ, ರೊಟ್ಟಿ, ಉಪ್ಪಿಟ್ಟು, ಪಡ್ಡು, ಹೋಳಿಗೆ, ಜಾಮೂನು, ಜಿಲೇಬಿ, ಎಲ್ಲದಕ್ಕೂ ಅವರೆಬೇಳೆ. ಜಿಲೇಬಿಯ ವಿಷಯದಲ್ಲಿ ನನ್ನದು ಖಡಾಖಂಡಿತ ವಿರೋಧ: ಪಾಕದಲ್ಲಿ ಮುಳುಗಿದ ಮೇಲೆ ಅವರೆಯೇನು, ಅಲಸಂದೆಯೇನು? ಆದರೆ ಅಕ್ಕಿ ರೊಟ್ಟಿಯ ಮುಂದೆ ಬಾಯಿ ಮುಚ್ಚಲೇಬೇಕು. ಹಿಟ್ಟಿನಲ್ಲಿ ಕಾಳು, ಸಬ್ಬಸಿಗೆ ಸೊಪ್ಪು, ತೆಂಗಿನ ತುರಿ, ಹಸಿಮೆಣಸಿನಕಾಯಿ ಕಲಸಿ ತವೆಯ ಮೇಲೆ ತಟ್ಟುತ್ತಾರೆ. ಅಂಚು ಗರಿಗರಿ, ನಡುವೆ ಕಾಳು ಮೆತ್ತಗೆ. ಸಬ್ಬಸಿಗೆಯ ಗಮವೂ ಅವರೆಯ ಸೊಗಡೂ ಜಗಳವಾಡದೆ ಒಂದೇ ತುತ್ತಿನಲ್ಲಿ ಹೊಂದಿಕೊಂಡಿದ್ದವು. ಚಟ್ನಿಯನ್ನು ಮುಟ್ಟದೆಯೇ ರೊಟ್ಟಿ ಮುಗಿಯಿತು.

ಸರತಿಯಲ್ಲಿ ನನ್ನ ಮುಂದಿದ್ದ ಗುಜರಾತಿ ದಂಪತಿ ಹಲವು ತರಕಾರಿ ಬೆರೆಸಿ ಬೇಯಿಸುವ ತಮ್ಮ ಊಂಧಿಯುವಿನ ಮಾತು ತೆಗೆದರು. ಅದಕ್ಕೆ ಹಾಕುವ ಸೂರತ್ತಿನ ಪಾಪ್ಡಿ ಕಾಯಿಯೂ ನಮ್ಮ ಅವರೆಯ ಕುಲದ್ದೇ. ಅಲ್ಲೂ ಅದು ಸಂಕ್ರಾಂತಿಯ ಹೊತ್ತಿನ ಅಡುಗೆ. ತಿಂಡಿ ಬೀದಿಯ ಕಡೆ ಹೋಗಿ ಗಜ್ಜರಿ ಹಲ್ವವನ್ನೂ ತಿಂದೆವು. ಉತ್ತರ ಭಾರತದಲ್ಲಿ ಚಳಿಗಾಲಕ್ಕೆ ಬರುವ ಕೆಂಪು ಗಜ್ಜರಿಯದ್ದಲ್ಲ, ಇಲ್ಲಿನ ಕಿತ್ತಳೆ ಬಣ್ಣದ್ದು. ಸಿಹಿ ಹೆಚ್ಚಾಗಿತ್ತು.

ನಿಜವಾದ ಊಟ ಮನೆಯಲ್ಲಿ. ಅಕ್ಕ ಹಿಂದಿನ ರಾತ್ರಿಯೇ ಕಾಳು ನೆನೆಹಾಕಿದ್ದಳು. ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಅದೇ ಹಿತಕಿದ ಬೇಳೆ. ಒಂದು ಪಾತ್ರೆ ತುಂಬಲು ಮನೆಮಂದಿಯೆಲ್ಲ ಕೂರಬೇಕು. ನನ್ನನ್ನೂ ಕೂರಿಸಿದರು. ಈರುಳ್ಳಿ, ಬೆಳ್ಳುಳ್ಳಿ, ಧನಿಯಾ, ಗಸಗಸೆ, ಚಕ್ಕೆ ಲವಂಗ, ಕಾಯಿ ರುಬ್ಬಿ ಹಾಕಿದ ಸಾರು ಕುದಿಯುವಾಗ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮೂಸಿದ ಘಾಟು ಮಾಗಿ, ಹದವಾಗಿ ಬಂತು. ಜೊತೆಗೆ ರಾಗಿ ಮುದ್ದೆ.

“ಅಗಿಯಬೇಡಿ, ಸಾರಿನಲ್ಲಿ ಹೊರಳಿಸಿ ನುಂಗಿ” ಎಂದು ಭಾವ ಪಾಠ ಶುರುಮಾಡಿದರು.

“ಅವನು ಜೋಳದ ನಾಡಿನವನು, ಅಗಿಯದೆ ಹೇಗೆ ಬಿಡುತ್ತಾನೆ?” ಎಂದು ಅಕ್ಕ ನಕ್ಕಳು.

ಮರುದಿನ ಊರಿಗೆ ನಾಲ್ಕು ಕಿಲೋ ಹಸಿ ಕಾಯಿ ಒಯ್ಯುವ ನನ್ನ ಯೋಜನೆಗೆ ಭಾವ ಒಪ್ಪಲಿಲ್ಲ. ಚೀಲದೊಳಗೆ ರಾತ್ರಿಯಿಡೀ ಬೆವೆತರೆ ಸೊಗಡು ಹೋಗಿ ಮುಗ್ಗಲು ವಾಸನೆ ಬರುತ್ತದಂತೆ. ಬದಲಿಗೆ ಕರಿದ ಅವರೆಬೇಳೆಗೆ ಕರಿಬೇವು, ಒಣಕೊಬ್ಬರಿ, ಬೆಳ್ಳುಳ್ಳಿ ಬೆರೆಸಿದ ಖಾರದ ಪೊಟ್ಟಣಗಳನ್ನು ಕಟ್ಟಿಸಿಕೊಟ್ಟರು. ಅದರಲ್ಲಿ ಒಂದು ತುಮಕೂರು ದಾಟುವ ಮೊದಲೇ ಖಾಲಿಯಾಯಿತು.