ಡೇ ಕೇರ್ ನೋಡಲು ಮಧ್ಯಾಹ್ನ ಹೋಗಿ

ಮೈಸೂರಿನಲ್ಲಿ ಮಗುವಿಗೆ ಡೇ ಕೇರ್ ಹುಡುಕುತ್ತಿದ್ದರೆ ಬೆಳಗ್ಗೆ ಹತ್ತಕ್ಕೆ ಹೋಗಿ ನೋಡಬೇಡಿ. ಮಧ್ಯಾಹ್ನ ಊಟ ಮುಗಿದ ಮೇಲೆ, ಎರಡೂವರೆ ಹೊತ್ತಿಗೆ ಹೋಗಿ. ಬೆಳಗ್ಗೆ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ಮಿಸ್‌ಗಳು ಇರುತ್ತಾರೆ, ಹಾಡು ನಡೆಯುತ್ತಿರುತ್ತದೆ, ಮಕ್ಕಳ ಮುಖ ತೊಳೆದು ಪೌಡರ್ ಹಾಕಿರುತ್ತಾರೆ. ಹನ್ನೆರಡೂವರೆಗೆ ನರ್ಸರಿ ಬಿಟ್ಟರೆ ಮಿಸ್‌ಗಳು ಮನೆಗೆ ಹೋಗುತ್ತಾರೆ. ಆಮೇಲೆ ಉಳಿಯುವುದು ಡೇ ಕೇರ್ ಮಕ್ಕಳು ಮತ್ತು ಆಯಮ್ಮ. ಕೆಲಸಕ್ಕೆ ಹೋಗುವವರ ಮಕ್ಕಳು ದಿನದ ಜಾಸ್ತಿ ಹೊತ್ತು ಇರುವುದು ಆ ಆಯಮ್ಮನ ಜೊತೆ. ಆದರೆ ಅಡ್ಮಿಷನ್ ಸಮಯದಲ್ಲಿ ನಮಗೆ ಪರಿಚಯ ಮಾಡಿಸುವುದು ಮಿಸ್‌ಗಳನ್ನು.

ನಮ್ಮ ಮನೆ ಬೋಗಾದಿ ಕಡೆ. ನಾನು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಯಜಮಾನರು ಬೆಂಗಳೂರಿಗೆ ದಿನಾ ಟ್ರೈನಿನಲ್ಲಿ ಓಡಾಡುತ್ತಾರೆ. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದರೆ ಮತ್ತೆ ಮಗಳ ಮುಖ ನೋಡುವುದು ರಾತ್ರಿಯೇ. ಅಮ್ಮ ಮಂಡ್ಯದಲ್ಲಿದ್ದಾರೆ, ಅಪ್ಪನನ್ನು ಬಿಟ್ಟು ಬರುವ ಹಾಗಿಲ್ಲ. ಮಗಳಿಗೆ ಆಗ ಎರಡು ಮುಕ್ಕಾಲು ವರ್ಷ. ಡೇ ಕೇರ್ ಬಿಟ್ಟು ಬೇರೆ ದಾರಿ ಇರಲಿಲ್ಲ.

ಮೊದಲು ನಿಮ್ಮ ಆಫೀಸಿನಲ್ಲೇ ಒಂದು ಮಾತು ಕೇಳಿ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಆಯಿತು. 26 ವಾರದ ರಜೆ ಬಂದಿದ್ದು ಎಲ್ಲರಿಗೂ ಗೊತ್ತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎನ್ನುವುದೂ ಅದೇ ತಿದ್ದುಪಡಿಯಲ್ಲಿ ಬಂತು. ಇದನ್ನು ಕೇಳುವವರೇ ಕಡಿಮೆ. ನಮ್ಮ ಕಂಪನಿಯಲ್ಲಿ ಅಷ್ಟು ಜನ ಇಲ್ಲ, ಹಾಗಾಗಿ ನನಗೆ ಅದು ಸಿಗಲಿಲ್ಲ.

ಇನ್ನು ಲೈಸೆನ್ಸ್ ವಿಷಯ. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರ, ಗೋಕುಲಂ, ಎಲ್ಲಿ ಹೋಗಿ ಕೇಳಿದರೂ "ಇದೆ ಮೇಡಂ" ಎನ್ನುತ್ತಾರೆ. ಗೋಡೆಯ ಮೇಲೆ ಫ್ರೇಮ್ ಹಾಕಿದ ಒಂದು ಕಾಗದ ತೋರಿಸುತ್ತಾರೆ. ದಯವಿಟ್ಟು ಹತ್ತಿರ ಹೋಗಿ ಓದಿ. ಒಂದು ಕಡೆ ಅದು ಪಾಲಿಕೆಯ ಟ್ರೇಡ್ ಲೈಸೆನ್ಸ್ ಆಗಿತ್ತು. ಅಂದರೆ ಆ ಕಟ್ಟಡದಲ್ಲಿ ವ್ಯವಹಾರ ನಡೆಸಲು ಅನುಮತಿ, ಅಷ್ಟೇ. ಇನ್ನೊಂದು ಕಡೆ ಫ್ರಾಂಚೈಸಿ ಕೊಟ್ಟ ಕಂಪನಿಯ ಸರ್ಟಿಫಿಕೇಟ್. ನೋಡಲು ಚೆನ್ನಾಗಿತ್ತು, ಬಂಗಾರದ ಬಣ್ಣದ ಮುದ್ರೆಯೂ ಇತ್ತು. ಸರ್ಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕಾಗದದಲ್ಲಿ ನಾನು ನೋಡಿದ್ದು ಇಷ್ಟು: ಯಾವ ಕಚೇರಿ ಕೊಟ್ಟಿದೆ, ಯಾವ ವಿಳಾಸಕ್ಕೆ ಕೊಟ್ಟಿದೆ, ಯಾವ ತರಗತಿಗೆ, ಯಾವ ತಾರೀಖಿನವರೆಗೆ. ವಿಳಾಸ ಯಾಕೆ ಅಂದರೆ, ಹಳೆ ಬಿಲ್ಡಿಂಗ್ ಬಿಟ್ಟು ಬಂದು ವರ್ಷಗಳಾದರೂ ಹಳೆ ಕಾಗದವನ್ನೇ ತೂಗುಹಾಕಿರುತ್ತಾರೆ. ಎಲ್‌ಕೆಜಿ, ಯುಕೆಜಿ ನಡೆಸುವವರು ಶಾಲಾ ಶಿಕ್ಷಣ ಇಲಾಖೆಯ ಅನುಮತಿ ಪಡೆದಿರಬೇಕು. ಅನುಮಾನ ಬಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಬಹುದು. ಮೈಸೂರು ನಗರಕ್ಕೆ ಉತ್ತರ ವಲಯ, ದಕ್ಷಿಣ ವಲಯ ಎಂದು ಬೇರೆ ಬೇರೆ ಇವೆ. ದೊಡ್ಡ ಶಾಲೆಯ ಜೊತೆಗೇ ನಡೆಯುವ ನರ್ಸರಿಯಾದರೆ ಯು-ಡೈಸ್ ಸಂಖ್ಯೆ, ಅಂದರೆ ಸರ್ಕಾರದ ದಾಖಲೆಯಲ್ಲಿ ಆ ಶಾಲೆಯ ಗುರುತಿನ ಸಂಖ್ಯೆ, ಕೇಳಿ. 11 ಅಂಕಿ ಇರುತ್ತದೆ, ಕರ್ನಾಟಕದ ಶಾಲೆಯಾದರೆ 29ರಿಂದ ಶುರುವಾಗುತ್ತದೆ.

ಇಷ್ಟೆಲ್ಲ ಸರಿ ಇದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಅನುಮತಿ ಬೆಳಗಿನ ನರ್ಸರಿಯದ್ದು. ಮಧ್ಯಾಹ್ನ ಒಂದರಿಂದ ಸಂಜೆ ಆರೂವರೆವರೆಗೆ ಅದೇ ಕಟ್ಟಡದಲ್ಲಿ ನಡೆಯುವ ಡೇ ಕೇರ್‌ಗೆ ಏನಿದೆ? ಮೂರು ವರ್ಷ ತುಂಬದ ಮಗುವಿಗೆ ಏನಿದೆ? ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ಮಾಡಿರುವ ಮಾರ್ಗಸೂಚಿ ಕೂಡ ಮೂರರಿಂದ ಆರು ವರ್ಷದ ಮಕ್ಕಳಿಗೆ. ಹೆಚ್ಚಿನ ಕಡೆ ಈ ಪ್ರಶ್ನೆಗೆ "ಎಲ್ಲಾ ಒಂದೇ ಮೇಡಂ, ಅದರಲ್ಲೇ ಬರುತ್ತೆ" ಎಂದರು. ಆ ಉತ್ತರ ಬಂದ ಕಡೆ ನಾನು ಮುಂದುವರಿಯಲಿಲ್ಲ.

ಕುವೆಂಪುನಗರದ ಒಂದು ಕಡೆ ಮಾತ್ರ ಮೇಡಂ ಕಬ್ಬಿಣದ ಬೀರು ತೆಗೆದು ಒಂದು ದಪ್ಪ ಫೈಲ್ ತಂದು ಮೇಜಿನ ಮೇಲಿಟ್ಟರು. "ನರ್ಸರಿದು ಇಲಾಖೆ ಅನುಮತಿ ಇದೆ. ಡೇ ಕೇರ್‌ಗೆ ಅಂತ ನನ್ನ ಹತ್ತಿರ ಬೇರೆ ಕಾಗದ ಇಲ್ಲ, ಏನೇನು ಮಾಡಿದೀನಿ ಅದನ್ನ ನೋಡಿ" ಎಂದರು. ಪ್ರತಿ ಆಯಮ್ಮನ ಆಧಾರ್ ಪ್ರತಿ, ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ತೆಗೆಸಿದ ಪೊಲೀಸ್ ವೆರಿಫಿಕೇಷನ್. ಪ್ರತಿ ಮಗುವಿನ ಲಸಿಕೆ ಕಾರ್ಡಿನ ಜೆರಾಕ್ಸ್, ಅದಕ್ಕೆ ಪಿನ್ ಮಾಡಿದ ಚೀಟಿಯಲ್ಲಿ ಅಪ್ಪ, ಅಮ್ಮ ಬಿಟ್ಟರೆ ಮಗುವನ್ನು ಯಾರ ಕೈಗೆ ಕೊಡಬಹುದು ಎಂದು ಹೆಸರು, ಫೋಟೋ. ಬೆಂಕಿ ಆರಿಸುವ ಸಿಲಿಂಡರ್ ಮತ್ತೆ ತುಂಬಿಸಿದ ಬಿಲ್ಲು. ನಾನು ಎದ್ದು ಹೋಗಿ ಆ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು ಹಸಿರು ಭಾಗದಲ್ಲಿದೆಯಾ ಎಂದು ನೋಡಿದೆ. ಇತ್ತು. ಇಲ್ಲದ್ದನ್ನು ಇಲ್ಲ ಎಂದು ಹೇಳಿದವರ ಮೇಲೆ ನನಗೆ ನಂಬಿಕೆ ಹುಟ್ಟಿತು.

ತಲೆ ಎಣಿಸುವುದನ್ನು ಯಾರೂ ಬಿಡಬಾರದು. ಪುಟ್ಟ ಮಕ್ಕಳ ಆರೈಕೆ ಮತ್ತು ಶಿಕ್ಷಣದ 2013ರ ರಾಷ್ಟ್ರೀಯ ನೀತಿಯ ಪ್ರಕಾರ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕು. ಮೂರು ವರ್ಷದೊಳಗಿನವರಾದರೆ 10 ಮಕ್ಕಳಿಗೆ ಒಬ್ಬರು. ನನ್ನನ್ನು ಕೇಳಿದರೆ ಅದೂ ಜಾಸ್ತಿಯೇ. ಹತ್ತು ಪುಟ್ಟ ಮಕ್ಕಳಲ್ಲಿ ಒಂದು ವಾಂತಿ ಮಾಡಿದರೆ ಉಳಿದ ಒಂಬತ್ತನ್ನು ನೋಡುವವರು ಯಾರು? ಆದರೂ ಎಣಿಸಲು ಒಂದು ಲೆಕ್ಕ ಬೇಕಲ್ವಾ. ಎಣಿಸಬೇಕಾದ್ದು ಬೆಳಗ್ಗೆ ಅಲ್ಲ, ಎರಡೂವರೆಗೆ.

ವಿಜಯನಗರದ ಕಡೆ ಒಂದು ಜಾಗಕ್ಕೆ ನಾನು ಹಾಗೆ ಹೇಳದೆ ಹೋಗಿದ್ದೆ. ಹೊರಗಿನಿಂದ ಚಿಲಕ ಹಾಕಿದ್ದರು. ಒಳಗೆ ಟಿವಿಯಲ್ಲಿ ಕಾರ್ಟೂನ್ ಓಡುತ್ತಿತ್ತು. ಮಕ್ಕಳೆಲ್ಲ ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದರು. ಆಯಮ್ಮ ಹಿಂದೆ ಪಾತ್ರೆ ತೊಳೆಯುತ್ತಿದ್ದರು. ಅವರನ್ನು ನಾನು ಬೈಯುವುದಿಲ್ಲ. ಅಡುಗೆ, ಪಾತ್ರೆ, ನೆಲ ಒರೆಸುವುದು, ಡಯಪರ್ ಬದಲಿಸುವುದು, ಎಲ್ಲ ಒಬ್ಬರ ತಲೆ ಮೇಲೆ ಹಾಕಿದರೆ ಅವರಾದರೂ ಏನು ಮಾಡಿಯಾರು? ಚಿಲಕ ಹೊರಗಿನಿಂದ ಹಾಕಿದ್ದನ್ನು ಮಾತ್ರ ನಾನು ಸುಮ್ನೆ ಬಿಡಲಿಲ್ಲ. ಬೆಂಕಿ ಬಿದ್ದರೆ ಏನು ಗತಿ ಎಂದು ಅಲ್ಲೇ ಹೇಳಿ ಬಂದೆ.

ಕುವೆಂಪುನಗರದಲ್ಲಿ ಅದೇ ಹೊತ್ತಿಗೆ ಮಲಗುವ ಕೋಣೆ ನೋಡಿದೆ. ಚಾಪೆ, ಅದರ ಮೇಲೆ ಮನೆಯಿಂದ ತಂದ ಅವರವರ ಬೆಡ್‌ಶೀಟು, ತುದಿಯಲ್ಲಿ ದಾರದಲ್ಲಿ ಹೆಸರು ಹೊಲಿದಿತ್ತು. ಒಂದು ಗಂಡು ಮಗುವಿಗೆ ನಿದ್ದೆ ಬಂದಿರಲಿಲ್ಲ. ಆಯಮ್ಮ ಅದರ ಬೆನ್ನು ತಟ್ಟುತ್ತಾ ನಮ್ಮ ಕಡೆ ನೋಡಿ, ಮಾತಾಡಬೇಡಿ ಎಂದು ಬೆರಳು ತುಟಿಗೆ ಇಟ್ಟರು. ಜೊತೆಗಿದ್ದ ಮೇಡಂ ಕೂಡ ತಕ್ಷಣ ಸುಮ್ಮನಾದರು. ಆಯಮ್ಮನ ಮಾತಿಗೆ ಅಲ್ಲಿ ಬೆಲೆ ಇದೆ ಎಂದು ನನಗೆ ಅನ್ನಿಸಿದ್ದು ಆಗಲೇ. ಆಮೇಲೆ ಹೊರಗೆ ಬಂದು ಕೇಳಿದೆ, ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು. ಅವರ ಮಗ ಅಲ್ಲೇ ನರ್ಸರಿ ಓದಿ ಈಗ ಹೈಸ್ಕೂಲಿನಲ್ಲಿದ್ದಾನಂತೆ. ಫೀಸು ಬೇರೆ ಕಡೆಗಿಂತ ಜಾಸ್ತಿ ಇತ್ತು. ಆಯಮ್ಮಂದಿರು ಬಿಟ್ಟು ಹೋಗದ ಹಾಗೆ ಸಂಬಳ ಕೊಡುವ ಜಾಗಕ್ಕೆ ಆ ದುಡ್ಡು ಕೊಡಲು ನನಗೆ ಬೇಜಾರಿಲ್ಲ.

ಸಿಸಿಟಿವಿ ಬಗ್ಗೆ ಎಲ್ಲರೂ ಕೇಳುತ್ತಾರೆ, ಮೊಬೈಲಿನಲ್ಲಿ ನೋಡಬಹುದಾ ಎಂದು. ನಾನು ಕೇಳಿದ್ದು ಬೇರೆ: ರೆಕಾರ್ಡಿಂಗ್ ಎಷ್ಟು ದಿನ ಇಡುತ್ತೀರಿ, ಯಾರು ನೋಡುತ್ತಾರೆ, ಬಟ್ಟೆ ಬದಲಿಸುವ ಜಾಗ ಕ್ಯಾಮೆರಾದಲ್ಲಿ ಬೀಳುತ್ತದೆಯಾ. ಎಲ್ಲ ಅಪ್ಪ, ಅಮ್ಮಂದಿರ ಮೊಬೈಲಿಗೂ ಎಲ್ಲ ಮಕ್ಕಳ ವಿಡಿಯೋ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಅಂಗನವಾಡಿ ಬಗ್ಗೆಯೂ ಒಂದು ಮಾತು. ಅತ್ತೆಯವರ ಊರು ತಿ. ನರಸೀಪುರದ ಹತ್ತಿರ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಸರ್ಕಾರಿ ಯೋಜನೆ, ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ಅದೇ ತಾಲ್ಲೂಕಿಗೆ. ನಮ್ಮ ಯಜಮಾನರು ಮೊದಲು ಹೋಗಿದ್ದೂ ಅಂಗನವಾಡಿಗೇ. "ಅಲ್ಲಿ ಟೀಚರಮ್ಮ ಎಲ್ಲಾ ಮನೆಯವರಿಗೂ ಗೊತ್ತಿರೋರು, ಏನಾದ್ರೂ ಆದ್ರೆ ಸಂಜೆಯೊಳಗೆ ಊರಿಗೆಲ್ಲಾ ಗೊತ್ತಾಗೋದು" ಎಂದು ಅತ್ತೆ ಹೇಳುತ್ತಾರೆ. ಸಂಜೆ ಆರೂವರೆವರೆಗೆ ಇರಿಸಿಕೊಳ್ಳುವ ಹಾಗಿದ್ದರೆ ನಾನು ಕಣ್ಣು ಮುಚ್ಚಿ ಅಂಗನವಾಡಿಗೇ ಸೇರಿಸುತ್ತಿದ್ದೆ.

ಸೇರಿಸುವ ಮುಂಚೆ ಅಲ್ಲಿ ಈಗಾಗಲೇ ಮಗು ಬಿಟ್ಟಿರುವ ಒಬ್ಬ ತಾಯಿಯನ್ನು ಗೇಟಿನ ಹತ್ತಿರ ಮಾತಾಡಿಸಿ. ಮೇಡಂ ಕೊಟ್ಟ ನಂಬರಿಗೆ ಫೋನ್ ಮಾಡುವುದಕ್ಕಿಂತ ಅದು ಒಳ್ಳೆಯದು. ಮಗುವಿಗೆ ಹೊಡೆದರು, ಕೂಡಿ ಹಾಕಿದರು ಎಂದು ಎಲ್ಲಾದರೂ ಗೊತ್ತಾದರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ ಅದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ.

ಮಗಳು ಈಗ ಕುವೆಂಪುನಗರದ ಆ ಡೇ ಕೇರ್‌ಗೇ ಹೋಗುತ್ತಿದ್ದಾಳೆ. ಅಲ್ಲೂ ಒಂದು ಕೊರತೆ ಇದೆ. ಐದು ಗಂಟೆಗೆ ಒಬ್ಬ ಆಯಮ್ಮ ಬಸ್ ಹಿಡಿಯಲು ಹೊರಡುತ್ತಾರೆ. ಆರೂವರೆವರೆಗೆ ಉಳಿದವರು ಒಬ್ಬರೇ. ತಡವಾಗಿ ಕರೆದುಕೊಂಡು ಹೋಗುವ ನಾವು ಕೆಲವು ತಾಯಂದಿರು ಸೇರಿ ಮೇಡಂ ಹತ್ತಿರ ಕೂತು ಮಾತಾಡಿದೆವು. ಆ ಒಂದೂವರೆ ಗಂಟೆಗೆ ಇನ್ನೊಬ್ಬರನ್ನು ಇಟ್ಟರೆ ಖರ್ಚಿನಲ್ಲಿ ನಾವೂ ಪಾಲು ಕೊಡುತ್ತೇವೆ ಎಂದೆವು. ಜೂನ್‌ನಿಂದ ಇಡುತ್ತೇನೆ ಎಂದು ಒಪ್ಪಿದ್ದಾರೆ. ಯಾರನ್ನು ಇಡುತ್ತಾರೋ ಅವರ ವೆರಿಫಿಕೇಷನ್ ಕಾಗದವನ್ನೂ ಆ ಫೈಲಿನಲ್ಲಿ ನೋಡುತ್ತೇವೆ ಎಂದು ಈಗಲೇ ಹೇಳಿಟ್ಟಿದ್ದೇವೆ.