ಮುಖ ಕಾಣದ ಮನುಷ್ಯ

ರಾತ್ರಿ ನಿದ್ದೆ ಬರದೆ ಸುಮ್ನೆ ಮೊಬೈಲ್ ನೋಡುತ್ತಿದ್ದೆ. ಅಮೆರಿಕದ ಕಲಾವಿದ ವಿನ್ಸ್ಲೋ ಹೋಮರ್ 1884ರಲ್ಲಿ ಬರೆದ ‘ದಿ ಲೈಫ್ ಲೈನ್’ ಚಿತ್ರ ಕಣ್ಣಿಗೆ ಬಿತ್ತು. ಮೂಲ ಚಿತ್ರ ಈಗ ಫಿಲಡೆಲ್ಫಿಯಾದ ಮ್ಯೂಸಿಯಂನಲ್ಲಿದೆ.

ಬಿರುಗಾಳಿ. ಕೆಳಗೆ ಬಾಯಿ ತೆರೆದ ಸಮುದ್ರ. ಹಡಗಿನಿಂದ ದಡಕ್ಕೆ ಒಂದು ಹಗ್ಗ ಕಟ್ಟಿದ್ದಾರೆ. ಅದರ ಮೇಲೆ ಓಡುವ ರಾಟೆಗೆ ನೇತುಬಿದ್ದು ಒಬ್ಬ ಬರುತ್ತಿದ್ದಾನೆ. ಅವನ ತೋಳಿನಲ್ಲಿ ಎಚ್ಚರ ತಪ್ಪಿದ ಹೆಂಗಸು, ತೊಯ್ದು ತೊಪ್ಪೆಯಾಗಿದ್ದಾಳೆ. ಹಡಗು ಎಲ್ಲಿ ಅಂತ ಹುಡುಕಿದರೆ ಎಡಗಡೆ ಮೂಲೆಯಲ್ಲಿ ಹಾಯಿಯ ತುಂಡು, ಅಷ್ಟೇ. ಜನರನ್ನು ಹೀಗೆ ಹಗ್ಗದ ಮೇಲೆ ದಾಟಿಸುವುದನ್ನು ಹೋಮರ್ ಹಿಂದಿನ ವರ್ಷ ಅಟ್ಲಾಂಟಿಕ್ ಸಿಟಿಯಲ್ಲಿ ಕಣ್ಣಾರೆ ನೋಡಿದ್ದ. ಅದಕ್ಕೇ ಇರಬೇಕು, ಆ ಹಗ್ಗದ ಭಾರ ನಮಗೂ ಗೊತ್ತಾಗುತ್ತದೆ.

ಕಾಪಾಡುವವನ ಮುಖ ಮಾತ್ರ ಕಾಣುವುದಿಲ್ಲ. ಗಾಳಿಗೆ ಹಾರಿದ ಕೆಂಪು ಶಾಲು ಸರಿಯಾಗಿ ಅಲ್ಲೇ ಅಡ್ಡ ಬಂದಿದೆ. ನಾನಂತೂ ಝೂಮ್ ಮಾಡಿ ಮಾಡಿ ನೋಡಿದೆ!

ಕಾಲೇಜಿನ ದಿನಗಳಲ್ಲಿ ಮಳೆಯಲ್ಲಿ ರಸ್ತೆ ದಾಟುವಾಗ, ಬಸ್ಸಿನ ಕೆಳಗೆ ಹೋಗಲಿದ್ದ ನನ್ನನ್ನು ಯಾರೋ ರಟ್ಟೆ ಹಿಡಿದು ಹಿಂದೆ ಎಳೆದಿದ್ದರು. ತಿರುಗಿ ಥ್ಯಾಂಕ್ಸ್ ಹೇಳುವಷ್ಟರಲ್ಲಿ ಆ ಮನುಷ್ಯ ಇಲ್ಲ. ಇವತ್ತಿಗೂ ನೆನಪಿರುವುದು ಮಡಚಿದ ನೀಲಿ ತೋಳು, ಬೀಡಿಯ ವಾಸನೆ.